ರಬ್ಬರಿನ ಎಡಮಟ್ಟೆ

ನನ್ನ ಸೋದರಮಾವ ಕಾಯಿಯನ್ನು ಕಿವಿಯಿಂದ ನೋಡುತ್ತಿದ್ದರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯೊಂದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಳಗೆ ಗುಳುಗುಳು ಎಂದರೆ ಇನ್ನೂ ನೀರಿದೆ, ಮತ್ತಷ್ಟು ದಿನ ಬಿದ್ದಿರಲಿ. ಲೊಟಲೊಟ ಎಂದರೆ ನೀರೆಲ್ಲ ಆರಿದೆ, ಕೊಬ್ಬರಿ ಕರಟದಿಂದ ಬೇರೆಯಾಗಿ ಉಂಡೆಯಂತೆ ಒಳಗೇ ಉರುಳಾಡುತ್ತಿದೆ. ಆಗ ಮಾವ "ಬುಟ್ಕಂಡೈತೆ" ಎನ್ನುವರು, ಕರಟ ಬಿಟ್ಟುಕೊಂಡು ಸಡಿಲವಾಗಿದೆ ಎಂದು. ಅಷ್ಟಕ್ಕೆ ಕಾಯಿ ಅಟ್ಟದಿಂದ ಇಳಿಯುತ್ತಿತ್ತು. ತಿಪಟೂರಿನ ಈ ಕಡೆ ಶೆಟ್ಟಿಕೆರೆ, ಆ ಕಡೆ ತುರುವೇಕೆರೆ, ಯಾರ ಮನೆಯ ಅಟ್ಟದಲ್ಲಿ ಕೇಳಿದರೂ ಈ ಮಾತಿಗೆ ಅರ್ಥ ಒಂದೇ. ಹದಕ್ಕೆ ಬಂತು, ಇನ್ನು ಚಿಂತೆಯಿಲ್ಲ.

ಒಂದು ಮಾತು ಹೀಗೆ ಬಾಯಲ್ಲಿ ಕೂತುಬಿಟ್ಟರೆ ಅದು ಕೊಬ್ಬರಿಯಲ್ಲೇ ನಿಲ್ಲುವುದಿಲ್ಲ. ಚಪ್ಪಲಿ ಕೊಳ್ಳುವಾಗ ಕಾಲು ಒಳಗೆ ಬುಟ್ಕಂಡಿರಬೇಕು. ತಿಪಟೂರಿನ ಸಾಬರ ಟೈಲರ್ ಅಂಗಡಿಯಲ್ಲಿ ಅಳತೆ ಕೊಡುವಾಗ ಅವರು ಟೇಪು ಎಳೆದು ಹಿಡಿದರೆ, ಮಾವ ಅದರೊಳಗೆ ಬೆರಳು ತೂರಿಸಿ, ಇಷ್ಟು ಬುಟ್ಕಂಡಿರಲಿ ಎನ್ನುತ್ತಿದ್ದರು. ನಮ್ಮ ಮನೆಯ ಹುಡುಗರೆಲ್ಲ ಗಾಳಿ ತುಂಬಿದ ಅಂಗಿಯಲ್ಲೇ ಶಾಲೆ ಮುಗಿಸಿದವರು. ಬಿಗಿ ಎನ್ನುವುದು ನಮ್ಮಲ್ಲಿ ಒಳ್ಳೆಯ ಗುಣವಾಗಿರಲಿಲ್ಲ. ಬಿಗಿಯಾಗಿರುವುದು ಇನ್ನೂ ಹಸಿ.

ಎಂಬತ್ತರ ದಶಕದಲ್ಲಿ ನನಗೆ ಪಶ್ಚಿಮ ಕರಾವಳಿಯಲ್ಲಿ, ಸಮುದ್ರದ ತಳವನ್ನು ಅಳೆಯುವ ಒಂದು ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸ ಸಿಕ್ಕಿತ್ತು. ಮುಳುಗುವವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ, ತಳದಲ್ಲಿ ಕಂಡದ್ದನ್ನು ಬಂದು ಹೇಳುವರು. ನಾನು ಬರೆಯುವೆ. ಮರಳಿಗೆ ಚುಕ್ಕೆ, ಕೆಸರಿಗೆ ಅಡ್ಡಗೀಟು, ಬಂಡೆಗೆ ಮುರುಕು ಗೆರೆ. ವರ್ಷಗಟ್ಟಲೆ ಚುಕ್ಕೆ ಇಟ್ಟೆ. ನಾನು ಇಡುತ್ತಿದ್ದ ಚುಕ್ಕೆ ಯಾವ ಮರಳಿನದು ಎಂದು ಒಮ್ಮೆಯಾದರೂ ಕಣ್ಣಾರೆ ನೋಡಬೇಕು ಅನ್ನಿಸುತ್ತಿತ್ತು. ಹಾಗಾಗಿ, ಕಚೇರಿಯ ಕೆಲವರಿಗೆ ಮುಳುಗುವ ತರಬೇತಿ ಕೊಡುತ್ತಾರೆ ಎಂದಾಗ ನಾನೂ ಹೆಸರು ಕೊಟ್ಟೆ. ಬಾವಿಯಲ್ಲಿ ಈಜು ಕಲಿತವನು ಎಂದು ಹೇಳಿದ್ದಕ್ಕೆ ಸೇರಿಸಿಕೊಂಡರು. ಆದರೆ ಮೊದಲು ಈಜುಕೊಳದಲ್ಲಿ ಒಂದು ಪರೀಕ್ಷೆ. ಕಾಲಿಗೆ ಫಿನ್ ಹಾಕಿಕೊಂಡು, ಕೈ ಆಡಿಸದೆ, ಬರೀ ಕಾಲಿನಿಂದ ಕೊಳದ ಉದ್ದಕ್ಕೂ ಹೋಗಿ ಬರಬೇಕು. ಅದರಲ್ಲಿ ಸೋತರೆ ಮತ್ತೆ ಮೇಜು, ಮತ್ತೆ ಚುಕ್ಕೆ.

ಫಿನ್ ಎಂದರೆ ಕಾಲಿಗೆ ಹಾಕಿಕೊಳ್ಳುವ ರಬ್ಬರಿನ ರೆಕ್ಕೆ. ಪಾದ ಹಿಡಿಯುವಷ್ಟು ಜಾಗ, ಅದರ ಮುಂದೆ ಅಗಲವಾದ ಹಲಗೆ. ಕಚೇರಿಯ ಉಗ್ರಾಣದವರು ನನ್ನ ಮುಂದೆ ಎರಡು ಜೊತೆ ಇಟ್ಟರು. ಒಂದು ಬೂಟಿನ ಹಾಗೆ ಹಿಮ್ಮಡಿಯನ್ನೂ ಮುಚ್ಚುವಂಥದ್ದು. ಉದ್ದ ಹಲಗೆ, ನೋಡಲು ಗಂಭೀರ, ನನ್ನ ಕಾಲಿಗೆ ಸ್ವಲ್ಪ ದೊಡ್ಡದು. ಇನ್ನೊಂದು ಹಿಮ್ಮಡಿ ತೆರೆದಿರುವ, ಹಿಂದೆ ಬಕಲ್ ಹಾಕಿ ಬಿಗಿಯುವ ಪಟ್ಟಿ ಇದ್ದದ್ದು. ಹಲಗೆ ಗಿಡ್ಡ, ಪಾದವನ್ನು ಒತ್ತಿ ಹಿಡಿಯುತ್ತಿತ್ತು. ಯಾವುದನ್ನು ಆರಿಸುತ್ತೀಯೋ ತರಬೇತಿ ಮುಗಿಯುವವರೆಗೂ ಅದೇ, ನಡುವೆ ಬದಲಾಯಿಸುವಂತಿಲ್ಲ ಎಂದರು. ನಾನು ಊರಿಗೆ ರಜೆ ಹಾಕಿದ್ದೆ. ಬಾವಿಯಲ್ಲಿ ಎರಡನ್ನೂ ಹಾಕಿ ನೋಡಿ ಬರುತ್ತೇನೆ ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ ಒಪ್ಪಿದರು. ಆದರೆ ಎರಡು ಜೊತೆಯೂ ಸೋಮವಾರ ಇದೇ ಮೇಜಿನ ಮೇಲೆ ಇರಬೇಕು, ಒಂದು ಕಡಿಮೆಯಾದರೂ ನಿನ್ನ ಜಾಗಕ್ಕೆ ಬೇರೆಯವರ ಹೆಸರು ಎಂದು ಹೇಳಿ ಕಳಿಸಿದರು.

ಅರಸೀಕೆರೆಯಲ್ಲಿ ರೈಲು ಬದಲಿಸಿ ತಿಪಟೂರಿನಲ್ಲಿ ಇಳಿದು, ಶೆಟ್ಟಿಕೆರೆ ಕಡೆಯ ಬಸ್ಸು ಹಿಡಿದು ಮಾವನ ಮನೆಗೆ ಬಂದೆ. ಗೋಣಿಚೀಲದಿಂದ ನಾಲ್ಕೂ ರೆಕ್ಕೆಗಳನ್ನು ತೆಗೆದು ಜಗಲಿಯ ಮೇಲೆ ಇಟ್ಟಾಗ ಅತ್ತೆ ಒಳಗಿನಿಂದ ಬಂದವರು, ಅದನ್ನು ಒಂದು ಸಲ ನೋಡಿ, ಇಷ್ಟು ದೂರದಿಂದ ಎಡಮಟ್ಟೆ ಯಾಕೆ ಹೊತ್ತುಕೊಂಡು ಬಂದೆ, ತೋಟದಲ್ಲಿ ಬೇಕಾದಷ್ಟು ಬಿದ್ದಿದೆಯಲ್ಲ ಎಂದರು. ಎಡಮಟ್ಟೆ ಎಂದರೆ ತೆಂಗಿನ ಗರಿಯ ಬುಡ. ಮರಕ್ಕೆ ಅಂಟಿಕೊಂಡಿರುವ ಅಗಲವಾದ ಭಾಗ. ಗರಿ ಒಣಗಿ ಬಿದ್ದ ಮೇಲೆ ಕಡಿದು ಒಲೆಗೆ ಹಾಕುತ್ತಾರೆ. ಆಕಾರ ನೋಡಿದರೆ ಅತ್ತೆಯ ಮಾತು ತಪ್ಪಲ್ಲ. ಒಂದು ಕಡೆ ಕಿರಿದು, ಒಂದು ಕಡೆ ಅಗಲ, ನಡುವೆ ದಿಂಡು. ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ.

ಮಾವ ಎಲೆ ಅಡಿಕೆ ಹಾಕಿಕೊಂಡು ಕೂತು ಪರೀಕ್ಷೆಗೆ ತೊಡಗಿದರು. ನನ್ನ ಕಾಲಿಗೆ ಬೂಟಿನಂಥದ್ದನ್ನು ಹಾಕಿಸಿ, ಹಲಗೆಯ ತುದಿ ಹಿಡಿದು, ಕಿವಿಯನ್ನು ನನ್ನ ಮೊಣಕಾಲಿನ ಹತ್ತಿರಕ್ಕೆ ತಂದು ಅಲ್ಲಾಡಿಸಿದರು. ಪಾದ ಒಳಗೆ ಲೊಟಲೊಟ ಎಂದಿತು.

"ಬುಟ್ಕಂಡೈತೆ. ಇದೇ ಇರ್ಲಿ ಕಣ್ಲಾ."

ನಾನು ಪಟ್ಟಿ ಇರುವುದನ್ನೂ ಹಾಕಿ ತೋರಿಸಿದೆ. ಅವರು ಅಲ್ಲಾಡಿಸಿದರು. ಏನೂ ಆಡಲಿಲ್ಲ. ಪಾದವೂ ರಬ್ಬರೂ ಒಂದೇ ಆಗಿ ಬಂತು. ಮಾವನ ಮುಖ ಹಸಿ ಕಾಯಿ ಕಂಡಂತಾಯಿತು. ಇದು ಕಾಲಿಗೆ ಹಾಕಿದ ಬೇಡಿ, ಇದನ್ನು ಹಾಕಿಕೊಂಡು ನೀರಿಗೆ ಇಳಿದರೆ ಕಾಲಿಗೆ ಉಸಿರು ಎಲ್ಲಿಂದ ಬರಬೇಕು ಎಂದರು. ಹಿಮ್ಮಡಿಗೆ ಪಟ್ಟಿ ಉಜ್ಜುತ್ತಿದ್ದದ್ದೂ ನಿಜ. ನನಗೂ ಅವರ ಮಾತೇ ಸರಿ ಎನ್ನಿಸಿತು. ಹುಟ್ಟಿದಾಗಿನಿಂದ ಬುಟ್ಕಂಡಿರುವುದರಲ್ಲೇ ಬೆಳೆದ ಕಾಲು ಅದು.

ಮಾವನ ತೋಟದ ಬಾವಿ ಕಲ್ಲು ಕಟ್ಟಿದ ದುಂಡು ಬಾವಿ. ಒಂದು ಪಕ್ಕಕ್ಕೆ ಮೆಟ್ಟಿಲು. ಮೂರಾಳು ನೀರು. ನಾನು ಈಜು ಕಲಿತದ್ದು ಅಲ್ಲೇ. ಒಣಗಿದ ಕಾಯಿಗಳನ್ನು ಸಿಪ್ಪೆಯ ಸಮೇತ ಜೋಡಿ ಕಟ್ಟಿ, ಬೆನ್ನಿಗೆ ಬಿಗಿದು, ಮಾವನೇ ಮೇಲಿನಿಂದ ನೂಕಿದ್ದರು. ಬಾವಿಯ ಈಜಿಗೆ ಅದರದೇ ದಾರಿ ಉಂಟು. ನೇರವಾಗಿ ಹೋಗಲು ಜಾಗವಿಲ್ಲ, ಆದ್ದರಿಂದ ಸುತ್ತು ಬರಬೇಕು. ನಮ್ಮ ಬಾವಿಯಲ್ಲಿ ಎಲ್ಲರೂ ಎಡಕ್ಕೇ ಸುತ್ತುತ್ತಿದ್ದೆವು, ಯಾಕೆಂದು ಯಾರೂ ಕೇಳಿರಲಿಲ್ಲ. ಕಾಲನ್ನು ಸೈಕಲ್ ತುಳಿದಂತೆ ಮಡಿಸಿ ತುಳಿಯಬೇಕು. ಮತ್ತೆ, ಮೆಟ್ಟಿಲಿಳಿದು ನೀರಿಗೆ ಹೋಗುವುದು ಬಟ್ಟೆ ಒಗೆಯುವವರ ರೀತಿ. ಈಜುವವನು ಮೇಲಿನಿಂದ ಕಾಲು ಕೆಳಗೆ ಮಾಡಿ ಧುಮುಕಬೇಕು.

ಮರುದಿನ ಬೆಳಿಗ್ಗೆ ನಾನು ಹಾಗೇ ಧುಮುಕಿದೆ. ಕಟ್ಟೆಯ ಮೇಲೆ ಬಾತುಕೋಳಿಯ ಹಾಗೆ ಹೆಜ್ಜೆ ಇಟ್ಟು ನಿಂತಿದ್ದನ್ನು ನೋಡಿ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕಾಲಲ್ಲಿ ಬುಟ್ಕಂಡಿರುವ ಜೊತೆ. ನೀರು ತಾಗಿದ ಕ್ಷಣ ಅಗಲವಾದ ಹಲಗೆಗಳನ್ನು ಕೆಳಗಿನಿಂದ ಯಾರೋ ಹಿಡಿದು ತಡೆದಂತಾಯಿತು. ನಾನು ಕೆಳಗೆ ಹೋದೆ, ಎಡಗಾಲಿನ ರೆಕ್ಕೆ ಹೋಗಲಿಲ್ಲ. ಹಿಮ್ಮಡಿಯಿಂದ ಜಾರಿ ಕಳಚಿಕೊಂಡಿತು. ಮೇಲೆ ಬಂದು ಕಣ್ಣು ಒರೆಸಿಕೊಂಡು ನೋಡಿದರೆ ಒಂದು ಕಾಲು ಉದ್ದ, ಇನ್ನೊಂದು ಬರಿದು. ಅದು ಹಳೆಯ ಕಪ್ಪು ರಬ್ಬರು, ತೇಲುವ ಜಾತಿಯದಲ್ಲ. ಸೀದಾ ತಳಕ್ಕೆ ಹೋಗಿತ್ತು.

ಮಾವ ಕಟ್ಟೆಯಿಂದ ಬಗ್ಗಿ ನೋಡಿದರು. ಸೋಮವಾರದ ಮಾತು ಅವರಿಗೂ ಹೇಳಿದ್ದೆ. ಪಕ್ಕದ ತೋಟದ ಅಜ್ಜಿಯ ಮನೆಯಿಂದ ಪಾತಾಳಗರಡಿ ತರಲು ಹೇಳಿದರು.

ಪಾತಾಳಗರಡಿ ಎಂದರೆ ಕಬ್ಬಿಣದ ಕೊಕ್ಕೆಗಳ ಗೊಂಚಲು. ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟು ಆಡಿಸಿದರೆ, ಬಿದ್ದ ಕೊಡವೋ ಬಕೀಟೋ ಯಾವುದಾದರೊಂದು ಕೊಕ್ಕೆಗೆ ಸಿಕ್ಕಿ ಬರುತ್ತದೆ. ಊರಿಗೆ ಒಂದೋ ಎರಡೋ ಇರುತ್ತಿತ್ತು. ಅದನ್ನು ಬರಿಗೈಯಲ್ಲಿ ಹೋಗಿ ಕೇಳುವಂತಿಲ್ಲ. ನೀರು ತುಂಬುವ ಪಾತ್ರೆಯೊಂದನ್ನು ಗರಡಿಯ ಒಡೆಯರ ಮನೆಯಲ್ಲಿ ಒತ್ತೆ ಇಟ್ಟು, ಗರಡಿ ವಾಪಸು ಕೊಟ್ಟ ಮೇಲೆ ಬಿಡಿಸಿಕೊಳ್ಳಬೇಕು. ಸುಮ್ಮನೆ ಕೊಟ್ಟರೆ ಎರಡು ಮನೆಗೂ ಜಗಳ ಹತ್ತುತ್ತದೆ ಎಂದು ನಂಬಿಕೆ. ನನಗೆ ಇದು ನೆನಪಾಗಿದ್ದು ಅಜ್ಜಿಯ ಬಾಗಿಲಿಗೆ ಹೋದ ಮೇಲೆ. ಒದ್ದೆ ಚಡ್ಡಿಯಲ್ಲಿ ಓಡಿಹೋಗಿದ್ದೆ, ಕೈಯಲ್ಲಿ ಉಳಿದ ಒಂಟಿ ರೆಕ್ಕೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಪಾತ್ರೆ ಎಲ್ಲಪ್ಪ?" ಎಂದರು ಅಜ್ಜಿ.

ನಾನು ರೆಕ್ಕೆಯನ್ನು ಮುಂದೆ ಹಿಡಿದೆ. ಇದನ್ನೇ ಇಟ್ಟುಕೊಳ್ಳಿ, ಇದೂ ನೀರಿನ ಸಾಮಾನೇ ಎಂದೆ. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪಾದ ತೂರಿಸುವ ಬಾಯನ್ನು ಮೇಲೆ ಮಾಡಿ ಹಿಡಿದು, ಚೊಂಬಿನಿಂದ ನೀರು ಹುಯ್ದರು. ಬೆರಳುಗಳ ಹತ್ತಿರ ಇರುವ ಕಂಡಿಯಿಂದ ನೀರೆಲ್ಲ ನನ್ನ ಕಾಲ ಮೇಲೆ ಸುರಿಯಿತು.

"ತೂತು ಬಿಂದಿಗೆ ತಂದಿದೀಯಲ್ಲೋ."

ಚೊಂಬು ತರಲು ಮನೆಗೆ ಹೋದರೆ ಹೊತ್ತಾಗುತ್ತದೆ ಅಜ್ಜಿ ಎಂದು ಬೇಡಿಕೊಂಡೆ. ಅವರಿಗೆ ಸಂಪ್ರದಾಯ ಬಿಡಲು ಮನಸ್ಸಿಲ್ಲ, ನನ್ನನ್ನು ಕಳಿಸಲೂ ಮನಸ್ಸಿಲ್ಲ. ನೀರು ಹಿಡಿಯದಿದ್ದರೂ ನೀರು ಮುಟ್ಟುವುದಂತೂ ಹೌದು ಎಂದು ತಾವೇ ಒಂದು ತೀರ್ಮಾನಕ್ಕೆ ಬಂದು, "ಇಟ್ಕತೀನಿ ಬುಡು, ಜಗಳ ಆದ್ರೆ ನಿನ್ನ ತಲೆ ಮ್ಯಾಲೆ" ಎಂದು ಗರಡಿ ಕೊಟ್ಟರು.

ಮಾವ ಗರಡಿ ಇಳಿಬಿಟ್ಟು ಬಾವಿಯ ತಳವನ್ನು ಸುತ್ತಲೂ ಕೆದಕಿದರು. ಏನೋ ಸಿಕ್ಕಿತು. ಮೆಲ್ಲಗೆ ಎಳೆದರು. ಕಪ್ಪಗೆ, ಅಗಲವಾಗಿ, ನಡುವೆ ದಿಂಡಿರುವುದು ನೀರಿನಿಂದ ಮೇಲೆ ಬರುವುದು ಕಂಡಿತು. ಅತ್ತೆ ಸಿಕ್ಕಿತು ಎಂದು ಚಪ್ಪಾಳೆ ತಟ್ಟಿದರು. ಕಟ್ಟೆಯ ಮೇಲೆ ಹಾಕಿಕೊಂಡು ನೋಡಿದರೆ ಅದು ಎಡಮಟ್ಟೆ. ನಿಜವಾದದ್ದು. ವರ್ಷಗಟ್ಟಲೆ ಬಾವಿಯಲ್ಲಿ ಬಿದ್ದಿದ್ದು ಕೊಳೆತು ಕರ್ರಗಾಗಿದ್ದ ಗರಿಯ ಬುಡ.

ಮಾವ ಅದನ್ನು ಪಕ್ಕಕ್ಕಿಟ್ಟು ಮತ್ತೆ ಇಳಿಬಿಟ್ಟರು. ಮತ್ತೊಂದು ಎಡಮಟ್ಟೆ ಬಂತು. ಆಮೇಲೆ ಕಿವಿ ಹರಿದ ಬಕೀಟು, ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಬೀಳಿಸಿಕೊಂಡಿದ್ದ ತಾಮ್ರದ ಚೊಂಬು, ಮತ್ತೆ ಎಡಮಟ್ಟೆ. ಚೊಂಬು ಬಂದಾಗ ಅತ್ತೆ, ಅಜ್ಜಿಗೆ ಇದನ್ನೇ ಕೊಡಬಹುದಿತ್ತು ಎಂದರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಬೂಟಿನಂಥ ರೆಕ್ಕೆಯಲ್ಲಿ ಪಾದದ ಬಾಯಿ ಬಿಟ್ಟರೆ ಕೊಕ್ಕೆಗೆ ಸಿಕ್ಕುವಂಥದ್ದೇ ಇಲ್ಲ. ಪಟ್ಟಿಯಿಲ್ಲ, ಹಿಡಿಯಿಲ್ಲ, ಎಲ್ಲ ನುಣುಪು. ಕೊಕ್ಕೆ ಅದರ ಮೇಲೆ ಹತ್ತು ಸಲ ಹಾದರೂ ಜಾರಿಹೋಗುತ್ತದೆ. ಮರುದಿನ ಸಂಜೆ ನಾನು ಬಸ್ಸು ಹತ್ತಬೇಕಿತ್ತು.

ಹಾಗಾದರೆ ನಾನೇ ಇಳಿಯುತ್ತೇನೆ ಎಂದೆ. ಬರಿಗಾಲಿನಲ್ಲಿ ಎರಡು ಸಲ ಪ್ರಯತ್ನಪಟ್ಟೆ. ಬಾವಿಯ ಕಾಲು ಬಾವಿಯ ಬುದ್ಧಿಯನ್ನೇ ತೋರಿಸಿತು. ಮಡಿಸಿ ತುಳಿದಷ್ಟೂ ದೇಹ ಒಂದು ಸುತ್ತು ಬಂದು ಮೇಲಕ್ಕೇ ತೇಲುತ್ತಿತ್ತು. ಅರ್ಧ ಆಳಕ್ಕೂ ಹೋಗಲಾಗಲಿಲ್ಲ. ಕೊನೆಗೆ ಉಳಿದದ್ದು ಮಾವ ಬೇಡಿ ಎಂದಿದ್ದ ಜೊತೆ. ದಪ್ಪ ಕಾಲುಚೀಲ ಹಾಕಿ, ಅದರ ಮೇಲೆ ರೆಕ್ಕೆ ತೂರಿಸಿ, ಪಟ್ಟಿಯ ಬಕಲ್ ಎಳೆದೆ. ಚೀಲ ಇದ್ದುದರಿಂದ ಹಿಮ್ಮಡಿ ಉಜ್ಜಲಿಲ್ಲ. ರೆಕ್ಕೆಗಳ ಜೊತೆ ಚೀಲದಲ್ಲಿ ತಂದಿದ್ದ, ಮೂಗನ್ನೂ ಮುಚ್ಚುವ ಮುಳುಗುವ ಕನ್ನಡಕ ಹಾಕಿಕೊಂಡೆ. ಮಾವ ನಾರಿನ ಹಗ್ಗವನ್ನು ನನ್ನ ಸೊಂಟಕ್ಕೆ ಕಟ್ಟಿ, ಎರಡು ಸಲ ಜಗ್ಗಿದರೆ ಎಳೆದುಬಿಡುತ್ತೇನೆ ಎಂದರು. ಈ ಸಲ ಧುಮುಕಲಿಲ್ಲ. ನೀರಿಗೆ ಬೆನ್ನು ಮಾಡಿ, ಮೆಟ್ಟಿಲ ಮೇಲೆ ಹಿಂದು ಹಿಂದಕ್ಕೆ ಇಳಿದೆ. ಬಟ್ಟೆ ಒಗೆಯುವವರ ಹಾಗೆ.

ನೀರಿನಲ್ಲಿ ತಲೆ ಕೆಳಗೆ ಮಾಡಿ ಎಂದಿನಂತೆ ಮೊಣಕಾಲು ಮಡಿಸಿದೆ. ರೆಕ್ಕೆ ಬಾವಿಯ ಕಲ್ಲಿಗೆ ಬಡಿಯಿತು. ಮಡಿಸಲು ಅಲ್ಲಿ ಜಾಗವೇ ಇರಲಿಲ್ಲ. ಬೇರೆ ದಾರಿ ಕಾಣದೆ ಕಾಲು ನೀಳ ಮಾಡಿ ತೊಡೆಯಿಂದ ಆಡಿಸಿದೆ. ಹೆಸರು ಕೊಟ್ಟ ದಿನ ಕರಾವಳಿಯ ತರಬೇತಿಯವರು ಹೇಳಿದ್ದೂ ಇದನ್ನೇ, ಆಗ ನನಗೆ ಹಿಡಿಸಿರಲಿಲ್ಲ. ಪಾದ ಆಡಿದಷ್ಟೂ ರಬ್ಬರು ಆಡಿತು, ನಡುವೆ ಒಂದಿಷ್ಟೂ ಪೋಲಾಗಲಿಲ್ಲ. ನೋಡುತ್ತಿದ್ದಂತೆ ಕಲ್ಲುಗಳು ಮೇಲಕ್ಕೆ ಹೋಗತೊಡಗಿದವು. ಕಿವಿ ನೋವಾಯಿತು. ಕನ್ನಡಕದ ರಬ್ಬರಿನ ಮೇಲಿನಿಂದಲೇ ಮೂಗು ಹಿಡಿದು ಊದಿದೆ, ಕಿವಿ ಬಿಟ್ಟಿತು. ತಳ ಬಂತು. ಮಾವ ಕೆದಕಿದ ಹೂಳು ಇನ್ನೂ ಇಳಿದಿರಲಿಲ್ಲ, ಕಣ್ಣಿಗೆ ನೆರಳಿನಂತೆ ಅಷ್ಟೇ ಕಾಣುತ್ತಿತ್ತು. ಕೈಗೆ ಅಗಲವಾದದ್ದು ಸಿಕ್ಕಿತು, ಎತ್ತಿಕೊಂಡು ಮೇಲೆ ಬಂದೆ.

"ಒಲೆಗೆ ಸಾಕಾಗುವಷ್ಟಾಯ್ತು ಬುಡು," ಎಂದರು ಅತ್ತೆ. ಅದೂ ಎಡಮಟ್ಟೆಯೇ.

ಉಸಿರು ಸುಧಾರಿಸಿಕೊಳ್ಳುವಾಗ ಮಾವ ಒಂದು ಮಾತು ಹೇಳಿದರು. ಕಣ್ಣಲ್ಲಿ ಹುಡುಕಬೇಡ, ಬಗ್ಗಿಸಿ ನೋಡು. ಕೊಳೆತದ್ದು ಬಗ್ಗಿದರೆ ಬಗ್ಗಿದ ಹಾಗೇ ಇರುತ್ತದೆ, ರಬ್ಬರು ತಿರುಗಿ ಬರುತ್ತದೆ. ಮತ್ತೆ ಇಳಿದೆ. ಒಂದನ್ನು ಬಗ್ಗಿಸಿದೆ, ಬಗ್ಗಿತು, ಅಲ್ಲೇ ಬಿಟ್ಟೆ. ಇನ್ನೊಂದು ಮುರಿದೇ ಹೋಯಿತು. ಎದೆ ಬಿಗಿಯತೊಡಗಿತ್ತು, ಹಗ್ಗ ಜಗ್ಗಬೇಕು ಎನ್ನುವಾಗ ಗೋಡೆಯ ಬುಡದಲ್ಲಿ ಓರೆಯಾಗಿ ನಿಂತಿದ್ದದ್ದು ಕೈಗೆ ತಾಗಿತು. ತುದಿ ಬಗ್ಗಿಸಿ ಬಿಟ್ಟೆ. ನನ್ನ ಅಂಗೈಗೆ ತಿರುಗಿ ಬಡಿಯಿತು.

ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದಾಗ ಮಾವ ಆ ರೆಕ್ಕೆಯನ್ನು ಎತ್ತಿಕೊಂಡು, ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬೆರಳಿನ ಕಂಡಿಗೆ ಹೂಳು ಮೆತ್ತಿಕೊಂಡಿತ್ತು, ಒಳಗೆ ಕೆಸರು ನೀರು ಗುಳುಗುಳು ಎಂದಿತು. ಅವರು ಅದನ್ನು ಕೆಳಗಿಟ್ಟು, ನನ್ನ ಕಾಲಲ್ಲಿದ್ದದ್ದನ್ನು ಹಿಡಿದು ಅಲ್ಲಾಡಿಸಿದರು. ಅದು ಮೂರಾಳು ನೀರಿಗೆ ಎರಡು ಸಲ ಹೋಗಿ ಬಂದಿದ್ದರೂ ಪಾದ ಬಿಟ್ಟು ಅಲುಗಿರಲಿಲ್ಲ. ಮಾವ ಬಾವಿಯ ಕಡೆ ನೋಡುತ್ತ ಕೂತರು. ಅವರು ತಪ್ಪಾಯಿತು ಎನ್ನುವ ಜಾತಿಯವರಲ್ಲ, ಯೋಚಿಸುವ ಜಾತಿಯವರು.

"ನಾನು ಅಟ್ಟದ ಲೆಕ್ಕ ಹಾಕ್ಬುಟ್ಟೆ ಕಣ್ಲಾ. ಒಣಗಿದ್ ಮ್ಯಾಲೆ ತಾನೇ ಬುಟ್ಕಳದು? ಕಾಯೊಳ್ಗೆ ನೀರಿರೋ ಗಂಟ ಕೊಬ್ರಿ ಕರಟನ ಹಿಡ್ಕಂಡೇ ಇರ್ತದೆ. ಇದು ನೀರಿನ್ ಸಾಮಾನು. ಹಿಡ್ಕಂಡಿರೋದ್ನೇ ತಗಾ."

ಆ ಮಧ್ಯಾಹ್ನವಿಡೀ ಬಾವಿಯಲ್ಲಿ ಆ ಜೊತೆಯಲ್ಲೇ ಕಾಲು ನೀಳ ಮಾಡಿ ಆಡಿಸುವುದನ್ನು ಅಭ್ಯಾಸ ಮಾಡಿದೆ. ಮಾವ ಕಟ್ಟೆಯ ಮೇಲೆ ಕೂತು, ಮೊಣಕಾಲು ಮಡಿಸಿದಾಗಲೆಲ್ಲ ಬೈದರು.

ಸಂಜೆ ಗರಡಿ ಹಿಂದಿರುಗಿಸಲು ಹೋದಾಗ ಅಜ್ಜಿ ಒಲೆಯ ಮುಂದೆ ಕೂತಿದ್ದರು. ಒತ್ತೆ ಇಟ್ಟ ರೆಕ್ಕೆ ಅವರ ಕೈಯಲ್ಲೇ ಇತ್ತು. ಅದರಿಂದ ಬೆಂಕಿಗೆ ಗಾಳಿ ಬೀಸುತ್ತಿದ್ದರು. ಹಲಗೆ ಅಗಲ, ತೂಗಿ ಬೀಸಿದರೆ ಹಸಿ ಸೌದೆಯೂ ಹತ್ತಿಕೊಳ್ಳುತ್ತಿತ್ತು. ನೀರಿಗೆ ಹೇಗೋ ಗೊತ್ತಿಲ್ಲ, ಬೆಂಕಿಗೆ ಚೆನ್ನಾಗಿದೆ ಎಂದರು. ಗರಡಿಗೆ ಎಣ್ಣೆ ಹಚ್ಚಿ ಮೂಲೆಗೆ ತೂಗುಹಾಕಿದ ಮೇಲೆಯೇ ರೆಕ್ಕೆಯನ್ನು ಕೈಗೆ ಕೊಟ್ಟರು. ಎರಡು ಮನೆಗೂ ಜಗಳವೇನೂ ಆಗಲಿಲ್ಲ.

ಸೋಮವಾರ ನಾಲ್ಕೂ ರೆಕ್ಕೆಗಳನ್ನು ಉಗ್ರಾಣದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಉಗ್ರಾಣದವರು ಬೂಟಿನ ಜೊತೆಯಲ್ಲಿ ಒಂದನ್ನು ಮೂಸಿ ನೋಡಿ, ಇದು ಹೊಗೆಯ ವಾಸನೆ ಯಾಕೆ ಬರುತ್ತಿದೆ ಎಂದು ಕೇಳಿದರು. ನಮ್ಮ ಕಡೆ ಹಾಗೇ ಎಂದೆ. ಪಟ್ಟಿಯ ಜೊತೆಯನ್ನು ನನ್ನ ಹೆಸರಿಗೆ ಬರೆದುಕೊಂಡರು.

ಪರೀಕ್ಷೆಯ ದಿನ ಕೊಳದಲ್ಲಿ ಕಾಲು ಸರಿಯಾಗಿಯೇ ಆಡಿತು. ಆದರೆ ಅರ್ಧ ದಾರಿಗೆ ಬರುವಷ್ಟರಲ್ಲಿ ನಾನು ಎಡಕ್ಕೆ ವಾಲಿ ಪಕ್ಕದವನ ದಾರಿಗೆ ಹೋಗಿಬಿಟ್ಟಿದ್ದೆ. ಬಾವಿಯ ಸುತ್ತು ಮೈಯಿಂದ ಇನ್ನೂ ಹೋಗಿರಲಿಲ್ಲ. ದಡದಲ್ಲಿ ನಿಂತು ಪರೀಕ್ಷೆ ಮಾಡುತ್ತಿದ್ದವರು ಕೋಲಿನಿಂದ ನನ್ನ ಹೆಗಲನ್ನು ಮೆಲ್ಲಗೆ ತಳ್ಳಿ ನೇರ ಮಾಡಿದರು. ಹೋಗಿ ಬಂದೆ. ದಿಕ್ಕು ಕಲಿಸಬಹುದು, ಕಾಲು ಬಂದಿದೆ ಎಂದು ಉಳಿಸಿಕೊಂಡರು.

ಕೆಲವು ತಿಂಗಳ ಮೇಲೆ ಮೊದಲ ಸಲ ಸಮುದ್ರದ ತಳಕ್ಕೆ ಹೋದೆ. ಅದು ನಾನು ಎಷ್ಟೋ ಸಲ ಬರೆದಿದ್ದ ಜಾಗ. ನಕಾಶೆಯಲ್ಲಿ ಬರೀ ಚುಕ್ಕೆ. ಅಲ್ಲಿ ಮರಳೇ ಇತ್ತು, ಹೇಳಿದವರು ಸುಳ್ಳು ಹೇಳಿರಲಿಲ್ಲ. ಆದರೆ ಅದು ಹರವಿದ ರಾಗಿಯಂತೆ ಸಮವಾಗಿರಲಿಲ್ಲ, ಅಲೆಅಲೆಯಾಗಿ ಸಾಲು ಹಿಡಿದಿತ್ತು. ಮೇಲೆ ಬಂದ ಮೇಲೆ ಚುಕ್ಕೆಗಳನ್ನು ಸಾಲು ಹಿಡಿದು ಇಡತೊಡಗಿದೆ. ಇದು ಯಾಕೆ ಹೀಗೆ ಎಂದು ಕೇಳಿದವರಿಗೆ ನೋಡಿ ಬಂದೆ ಎಂದೆ.

ಮುಂದಿನ ರಜೆಗೆ ಊರಿಗೆ ಹೋದಾಗ ಮಾವ ಅಟ್ಟದ ಏಣಿಯ ಮೇಲಿದ್ದರು. ಅಲ್ಲಿಂದಲೇ, ಸಮುದ್ರದ ತಳದಲ್ಲಿ ಏನಿದೆ ಎಂದು ಕೇಳಿದರು. ಮರಳು ಎಂದೆ. ಎಡಮಟ್ಟೆ ಇಲ್ಲವಾ ಎಂದರು. ಒಂದೂ ಇಲ್ಲ ಮಾವ ಎಂದೆ. ಹಾಗಾದರೆ ಅಲ್ಲಿ ಬಿದ್ದದ್ದು ಸಲೀಸಾಗಿ ಸಿಗುತ್ತದೆ ಎಂದು ಹೇಳಿ, ಕಾಯಿಯೊಂದನ್ನು ಎತ್ತಿ ಕಿವಿಗೆ ಹಿಡಿದರು. ಅಲ್ಲಾಡಿಸಿ, ಮತ್ತೆ ಅಲ್ಲೇ ಇಟ್ಟರು. ಅದರಲ್ಲಿ ಇನ್ನೂ ನೀರಿತ್ತು.